ಮೊಟ್ಟೆಕಡಜದ ಹೆಸರು: ಲಕ್ಷಣನಿರ್ಣಯದ ಚರಿತ್ರೆಯಲ್ಲಿ ಒಂದು ಅಧ್ಯಾಯ

ಪರತಂತ್ರ ಕಡಜಗಳನ್ನು ಅವುಗಳ ದೇಹಲಕ್ಷಣಗಳಿಂದ ಗುರುತಿಸುವ ಶಾಸ್ತ್ರವು ಕೀಟವಿಜ್ಞಾನಿಗಳ ಪ್ರಯೋಗಶಾಲೆಗೆ ಮಾತ್ರ ಸೇರಿದ ವಿಷಯವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಬೆಳೆಗೆ ಬೀಳುವ ಹುಳುವನ್ನು ಇನ್ನೊಂದು ಹುಳುವಿನಿಂದ ತಡೆಯುವ ಪ್ರಯತ್ನ ಎಲ್ಲಿ ನಡೆಯುವುದೋ ಅಲ್ಲೆಲ್ಲ, ನಾವು ಬಿಡುತ್ತಿರುವ ಹುಳು ಯಾವುದೆಂಬ ಪ್ರಶ್ನೆಯು ರೈತನ ಪ್ರಶ್ನೆಯೂ ಆಗುತ್ತದೆ. ಪ್ರಸ್ತುತ ಪ್ರಬಂಧದಲ್ಲಿ ಟ್ರೈಕೋಗ್ರಾಮ ಎಂಬ ಮೊಟ್ಟೆಕಡಜದ ಕುಲವನ್ನು ಉದಾಹರಣೆಯಾಗಿಟ್ಟುಕೊಂಡು, ಒಂದು ಭಾರತೀಯ ಪ್ರಭೇದವು ತನ್ನ ಸರಿಯಾದ ಹೆಸರನ್ನು ಪಡೆಯುವವರೆಗೆ ನಡೆದ ಶೋಧದ ವೃತ್ತಾಂತವನ್ನು ವಿವೇಚಿಸಲು ಉದ್ದೇಶಿಸಿದ್ದೇವೆ. ಈ ಶೋಧದ ಮುಖ್ಯ ಘಟ್ಟಗಳಲ್ಲಿ ಹಲವು ಬೆಂಗಳೂರಿನಲ್ಲಿಯೇ ನಡೆದುವೆಂಬುದು ಕನ್ನಡ ನಾಡಿನ ವಿಜ್ಞಾನಚರಿತ್ರೆಯಲ್ಲಿ ಗಮನಿಸತಕ್ಕ ಸಂಗತಿ.

ನೀರಾವರಿ, ಬೆಳೆ ಮತ್ತು ಹುಳು

ವಿಷಯಪ್ರವೇಶಕ್ಕೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಸೀಮೆಯನ್ನು ತೆಗೆದುಕೊಳ್ಳಬಹುದು. ಆನೆಗೊಂದಿಯ ಆಸುಪಾಸಿನಲ್ಲಿ ವಿಜಯನಗರ ಕಾಲದ ಕಾಲುವೆಗಳಿಂದ ಬತ್ತ ಬೆಳೆಯುವ ವಾಡಿಕೆ ಹಿಂದಿನಿಂದಲೂ ಉಂಟು. ಆದರೆ ಬಯಲುಸೀಮೆಯ ವಿಸ್ತಾರವಾದ ಎರೆಭೂಮಿ ಗದ್ದೆಯಾದದ್ದು 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ. ಆಗ ಈ ಪ್ರದೇಶ ಇನ್ನೂ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. 1956ರ ಏಕೀಕರಣದಲ್ಲಿ ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯ ಭಾಗವಾಯಿತು. ಆಂಧ್ರ ಪ್ರದೇಶದಿಂದ ಬಂದ ರೈತ ಕುಟುಂಬಗಳು ಕಾಲುವೆಯ ಉದ್ದಕ್ಕೂ ನೆಲಸಿದ ವಸತಿಗಳು ಇಂದಿಗೂ ಜನರ ಬಾಯಲ್ಲಿ ‘ಕ್ಯಾಂಪು’ಗಳೆಂದೇ ಕರೆಯಲ್ಪಡುತ್ತವೆ.

ನೀರು ಬಂದಲ್ಲಿ ಒಂದೇ ಬೆಳೆ ಎಡೆಬಿಡದೆ ಹಬ್ಬುತ್ತದೆ. ಒಂದೇ ಬೆಳೆ ಹಬ್ಬಿದಲ್ಲಿ ಅದನ್ನು ತಿನ್ನುವ ಹುಳುವೂ ಹೆಚ್ಚುತ್ತದೆ. ಇದು ನೀರಾವರಿ ಸೀಮೆಗಳ ಚರಿತ್ರೆಯಲ್ಲಿ ಪದೇ ಪದೇ ಕಂಡುಬರುವ ಕ್ರಮ. ವರ್ಷಕ್ಕೆ ಎರಡು ಬೆಳೆ ತೆಗೆಯುವ ಬತ್ತದ ಗದ್ದೆಯಲ್ಲಿ ಹಳದಿ ಕಾಂಡಕೊರಕಕ್ಕೆ ಆಹಾರದ ಕೊರತೆ ಉಂಟಾಗುವುದಿಲ್ಲ. ಎಳೆಯ ಪೈರಿನಲ್ಲಿ ಸುಳಿ ಒಣಗುವುದು, ತೆನೆ ಬಂದ ಪೈರಿನಲ್ಲಿ ಕಾಳು ಕಟ್ಟದೆ ಬಿಳಿತೆನೆಯಾಗುವುದು ಇದರ ಹಾವಳಿಯ ಕುರುಹುಗಳು. ಮರಿಹುಳು ಒಮ್ಮೆ ಕಾಂಡದೊಳಗೆ ಹೊಕ್ಕರೆ ಸಿಂಪಡಿಸಿದ ಔಷಧ ಅದಕ್ಕೆ ಸುಲಭವಾಗಿ ತಗಲುವುದಿಲ್ಲ. ಆದುದರಿಂದ ಅದು ಮೊಟ್ಟೆಯಲ್ಲಿರುವಾಗಲೇ ಕೊಲ್ಲುವ ಕಡಜಕ್ಕೆ ಇಷ್ಟು ಬೆಲೆ ಬಂದಿದೆ.

ಒಂದೇ ಮೊಟ್ಟೆಗುಂಪು, ಮೂರು ಕಡಜಗಳು

ಹಳದಿ ಕಾಂಡಕೊರಕದ ಹೆಣ್ಣುಪತಂಗವು ಎಲೆಯ ಮೇಲೆ ಮೊಟ್ಟೆಗಳನ್ನು ಗುಂಪಾಗಿ ಇಟ್ಟು, ತನ್ನ ಹಿಂದೇಹದ ಕಂದುಹಳದಿ ರೋಮಗಳಿಂದ ಅವನ್ನು ಮುಚ್ಚುತ್ತದೆ. ಈ ಹೊದಿಕೆಯಿದ್ದರೂ ಆ ಮೊಟ್ಟೆಗಳನ್ನು ಹುಡುಕಿ ಬರುವ ಕಡಜಗಳಲ್ಲಿ ಮೂರು ಮುಖ್ಯವಾದುವು. ಟ್ರೈಕೋಗ್ರಾಮ ಜಪೋನಿಕಂ, ಟೆಲಿನೋಮಸ್ ಕುಲದ ಪ್ರಭೇದಗಳು, ಟೆಟ್ರಾಸ್ಟೈಕಸ್ ಸ್ಕೀನೋಬಿಯೈ ಎಂದು ಅವುಗಳ ಹೆಸರು. ದಕ್ಷಿಣ ಭಾರತದ ಬತ್ತದ ಸೀಮೆಗಳಲ್ಲಿ ಇವು ಪರಿಚಿತವಾದುವು.

ಬರಿಗಣ್ಣಿಗೆ ಮೂರೂ ಹಾರುವ ಧೂಳಿನ ಕಣಗಳಂತೆಯೇ ತೋರುತ್ತವೆ. ಇವನ್ನು ಬೇರ್ಪಡಿಸುವ ಅತ್ಯಂತ ಸರಳವಾದ ಉಪಾಯವೆಂದರೆ ಪಾದದ ಗೆಣ್ಣುಗಳನ್ನು ಎಣಿಸುವುದು. ಟ್ರೈಕೋಗ್ರಾಮದಲ್ಲಿ ಮೂರು, ಟೆಟ್ರಾಸ್ಟೈಕಸಿನಲ್ಲಿ ನಾಲ್ಕು, ಟೆಲಿನೋಮಸಿನಲ್ಲಿ ಐದು. ಇದರ ಜೊತೆಗೆ ಬೇರೆ ಕುರುಹುಗಳೂ ಉಂಟು. ಟ್ರೈಕೋಗ್ರಾಮದ ಉದ್ದ ಸುಮಾರು ಅರ್ಧ ಮಿಲಿಮೀಟರ್, ಕಣ್ಣು ಕೆಂಪು, ಮುಂರೆಕ್ಕೆಯ ಮೇಲಿನ ಸೂಕ್ಷ್ಮ ರೋಮಗಳು ಸಾಲುಸಾಲಾಗಿ ಜೋಡಿಸಿದಂತೆ ಇರುತ್ತವೆ. ಟೆಟ್ರಾಸ್ಟೈಕಸ್ ಇದಕ್ಕಿಂತ ದೊಡ್ಡದು, ಲೋಹದ ಹೊಳಪಿನ ನೀಲಿಹಸುರು ಮೈಯದು. ಟೆಲಿನೋಮಸ್ ಮಿರುಗುವ ಕಪ್ಪು ಬಣ್ಣದ್ದು.

ಈ ಭೇದ ಕೇವಲ ಪಟ್ಟಿಗೆ ಸೇರಬೇಕಾದ ಭೇದವಲ್ಲ. ಮೂರರ ಕೆಲಸದ ರೀತಿಯೂ ಬೇರೆ ಬೇರೆ. ಟ್ರೈಕೋಗ್ರಾಮದ ಮರಿ ಪತಂಗದ ಒಂದು ಮೊಟ್ಟೆಯೊಳಗೆ ಬೆಳೆದು ಅದನ್ನಷ್ಟೇ ಮುಗಿಸುತ್ತದೆ. ರೋಮದ ಹೊದಿಕೆ ದಟ್ಟವಾಗಿರುವಲ್ಲಿ ಒಳಗಿನ ಮೊಟ್ಟೆಗಳು ಅದಕ್ಕೆ ಎಟಕುವುದು ಕಷ್ಟ. ಟೆಟ್ರಾಸ್ಟೈಕಸಿನ ಮರಿಯಾದರೋ ಒಂದು ಮೊಟ್ಟೆಯಿಂದ ಪಕ್ಕದ ಮೊಟ್ಟೆಗೆ ನುಗ್ಗಿ ಹಲವನ್ನು ತಿಂದುಹಾಕುತ್ತದೆ. ಗದ್ದೆಯಲ್ಲಿ ಸಹಜವಾಗಿಯೇ ಇರುವ ಈ ಕಡಜಗಳಲ್ಲಿ ಯಾವುದು ಎಷ್ಟಿದೆ ಎಂಬುದನ್ನು ತಿಳಿಯದೆ ಹೊರಗಿನಿಂದ ಬಿಟ್ಟ ಕಡಜದ ಫಲವನ್ನು ಅಳೆಯಲು ಬರುವುದಿಲ್ಲ.

ಕುಲನಿರ್ಣಯ ಇಷ್ಟು ಸುಲಭವಾಗಿದ್ದರೆ ಪ್ರಭೇದನಿರ್ಣಯ ಹಾಗಲ್ಲ. ಪಾದದಲ್ಲಿ ಮೂರು ಗೆಣ್ಣುಗಳಿವೆ ಎಂದ ಮಾತ್ರಕ್ಕೆ ಅದು ಕಾಂಡಕೊರಕದ ಮೇಲೆ ಬಿಡಲು ಯೋಗ್ಯವಾದ ಜಪೋನಿಕಂ ಪ್ರಭೇದವೋ, ಎಲೆ ಸುರುಳಿ ಹುಳುವಿಗೂ ಕಬ್ಬಿನ ಕೊರಕಗಳಿಗೂ ಬಳಸುವ ಕಿಲೋನಿಸ್ ಪ್ರಭೇದವೋ ಹೇಳಲಾಗದು. ನಮ್ಮ ಕಥನದ ಮುಖ್ಯಭಾಗ ಇಲ್ಲಿಂದ ಪ್ರಾರಂಭವಾಗುತ್ತದೆ.

ಬಣ್ಣವನ್ನು ನಂಬಿದ ಕಾಲ

ಟ್ರೈಕೋಗ್ರಾಮ ಕುಲವನ್ನು ಸ್ಥಾಪಿಸಿದವನು ಇಂಗ್ಲೆಂಡಿನ ವೆಸ್ಟ್‌ವುಡ್. 1833ರಲ್ಲಿ ಆತ ಇವನೆಸೆನ್ಸ್ ಎಂಬ ಪ್ರಭೇದವನ್ನು ವರ್ಣಿಸಿದನು. 1871ರಲ್ಲಿ ಅಮೆರಿಕದ ರೈಲಿ ಮಿನ್ಯೂಟಂ ಎಂಬುದನ್ನು ಹೆಸರಿಸಿದನು. 1904ರಲ್ಲಿ ಆಶ್‌ಮೀಡ್ ಜಪಾನಿನಿಂದ ಜಪೋನಿಕಂ ಪ್ರಭೇದವನ್ನೂ, 1912ರಲ್ಲಿ ಗಿರೋ ಆಸ್ಟ್ರೇಲಿಯದಿಂದ ಆಸ್ಟ್ರೇಲಿಕಂ ಪ್ರಭೇದವನ್ನೂ ವರ್ಣಿಸಿದರು. ಅಂದಿನ ವರ್ಣನೆಗಳು ಹೆಚ್ಚಾಗಿ ಮೈಬಣ್ಣ, ಗಾತ್ರ, ರೆಕ್ಕೆಯ ರೋಮ, ಕುಡಿಮೀಸೆಯ ಕೂದಲು ಇವುಗಳನ್ನೇ ಅವಲಂಬಿಸಿದ್ದುವು.

ಬೇರೆ ಕೀಟಗಳಲ್ಲಿ ಸಾಕಾಗುವ ಈ ಲಕ್ಷಣಗಳು ಈ ಕಡಜದಲ್ಲಿ ಮೋಸಗೊಳಿಸುತ್ತವೆ. ಬೆಚ್ಚಗಿನ ಹವೆಯಲ್ಲಿ ಬೆಳೆದ ಪೀಳಿಗೆ ಹಳದಿಯಾಗಿದ್ದರೆ, ಅದೇ ತಾಯಿಯ ಸಂತತಿ ತಣ್ಣನೆಯ ಹವೆಯಲ್ಲಿ ಕಪ್ಪಾಗಿ ಹೊರಬರಬಹುದು. ದೊಡ್ಡ ಮೊಟ್ಟೆಯಲ್ಲಿ ಬೆಳೆದ ಕಡಜ ದೊಡ್ಡದು, ಸಣ್ಣ ಮೊಟ್ಟೆಯಲ್ಲಿ ಬೆಳೆದುದು ಸಣ್ಣದು. ಇದರ ಪರಮಾವಧಿಯನ್ನು 1937ರಲ್ಲಿ ಸಾಲ್ಟ್ ಎಂಬ ವಿದ್ವಾಂಸನು ತೋರಿಸಿಕೊಟ್ಟನು. ಸೆಂಬ್ಲಿಡಿಸ್ ಎಂಬ ಪ್ರಭೇದದ ಗಂಡು ಪತಂಗದ ಮೊಟ್ಟೆಯಲ್ಲಿ ಬೆಳೆದರೆ ರೆಕ್ಕೆಯುಳ್ಳದ್ದಾಗಿಯೂ, ಸಿಯಾಲಿಸ್ ಎಂಬ ನೀರಬದಿಯ ಕೀಟದ ಮೊಟ್ಟೆಯಲ್ಲಿ ಬೆಳೆದರೆ ರೆಕ್ಕೆಯಿಲ್ಲದ್ದಾಗಿಯೂ ಹುಟ್ಟುತ್ತದೆ. ರೆಕ್ಕೆಯ ಇರವು ಇಲ್ಲದಿರವುಗಳೇ ಆಶ್ರಯದಾತ ಮೊಟ್ಟೆಗೆ ಅಧೀನವಾದಲ್ಲಿ, ಬಣ್ಣವನ್ನೂ ಗಾತ್ರವನ್ನೂ ನೆಚ್ಚಿ ಪ್ರಭೇದವನ್ನು ನಿರ್ಣಯಿಸುವುದು ಹೇಗೆ?

ಇಂಥ ಕಾಲದಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ಈ ಕಡಜವನ್ನು ಸಾಕಿ ಬೆಳೆಗೆ ಬಿಡುವ ಪ್ರಯತ್ನ ಪ್ರಾರಂಭವಾಯಿತು. ಕೃಷ್ಣರಾಜಸಾಗರದ ನೀರು ಮಂಡ್ಯದ ಬಯಲಿಗೆ ಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದ ಮೇಲೆ ಕಬ್ಬು ಆ ಸೀಮೆಯ ಮುಖ್ಯ ಬೆಳೆಯಾಯಿತು. ಕಬ್ಬಿನೊಡನೆ ಕೊರಕಗಳ ಚಿಂತೆಯೂ ಬಂತು. ಸಂಸ್ಥಾನದ ಕೀಟಶಾಸ್ತ್ರಜ್ಞರಾಗಿದ್ದ ಟಿ. ವಿ. ಸುಬ್ರಹ್ಮಣ್ಯಂ ಅವರು ಕಬ್ಬಿನ ಕೊರಕಗಳ ನಿವಾರಣೆಗಾಗಿ ಟ್ರೈಕೋಗ್ರಾಮವನ್ನು ಬಹುಸಂಖ್ಯೆಯಲ್ಲಿ ಉತ್ಪಾದಿಸಿದ ಪ್ರಾರಂಭಿಕ ಪ್ರಯೋಗಗಳ ವರದಿಯನ್ನು 1937ರಲ್ಲಿ ಪ್ರಕಟಿಸಿದರು. ಮಂಡ್ಯದ ಕಬ್ಬಿಗೂ ಗಂಗಾವತಿಯ ಬತ್ತಕ್ಕೂ ಬೆಳೆಯಲ್ಲಿ ಭೇದವಿದ್ದರೂ ಚರಿತ್ರೆಯ ಕ್ರಮ ಒಂದೇ ಎಂಬುದನ್ನು ವಾಚಕರು ಗಮನಿಸಬಹುದು: ಮೊದಲು ಕಾಲುವೆ, ಅನಂತರ ಬೆಳೆ, ಅದರ ಹಿಂದೆ ಹುಳು, ಕೊನೆಗೆ ಕಡಜ.

ಅಂದಿನ ಭಾರತೀಯ ಬರಹಗಳಲ್ಲಿ ಈ ಕಡಜ ಒಮ್ಮೆ ಮಿನ್ಯೂಟಂ ಎಂದೂ ಇನ್ನೊಮ್ಮೆ ಇವನೆಸೆನ್ಸ್ ಎಂದೂ ಕರೆಯಲ್ಪಟ್ಟಿತು. ಒಂದು ಅಮೆರಿಕದ ಹೆಸರು, ಇನ್ನೊಂದು ಯುರೋಪಿನದು. ಇದಕ್ಕಾಗಿ ಆ ವಿದ್ವಾಂಸರನ್ನು ದೂರುವುದು ನ್ಯಾಯವಲ್ಲ. ಲಭ್ಯವಿದ್ದ ವರ್ಣನೆಗಳಿಗೆ ಹೋಲಿಸಿದಾಗ ನಮ್ಮ ಕಡಜ ಎರಡಕ್ಕೂ ಸರಿಯಾಗಿಯೇ ಹೊಂದುತ್ತಿತ್ತು. ತಪ್ಪಿದ್ದದ್ದು ನೋಡಿದ ಕಣ್ಣಿನಲ್ಲಲ್ಲ, ನೋಡಲು ಆರಿಸಿಕೊಂಡ ಲಕ್ಷಣದಲ್ಲಿ.

ಬೆಂಗಳೂರಿನ ಶೋಧ

1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರವು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು ಟ್ರೈಕೋಗ್ರಾಮದ ಹೆಸರುಗಳ ಗೊಂದಲವನ್ನು ಎರಡು ಮಾರ್ಗಗಳಿಂದ ಎದುರಿಸಿದರು.

ಮೊದಲನೆಯದು ಸಂಕರ ಪರೀಕ್ಷೆ. ಎರಡು ಕಡಜಗಳು ಒಂದೇ ಪ್ರಭೇದಕ್ಕೆ ಸೇರಿದ್ದರೆ ಅವು ಕೂಡಿ ಫಲವತ್ತಾದ ಸಂತತಿಯನ್ನು ಪಡೆಯಬೇಕು. ಕಡಜಗಳಲ್ಲಿ ಒಂದು ವಿಶೇಷವಿದೆ: ಸಾಮಾನ್ಯವಾಗಿ ಗಂಡಿನ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆಯಿಂದ ಗಂಡುಗಳೇ ಹುಟ್ಟುತ್ತವೆ, ಹೆಣ್ಣು ಹುಟ್ಟಬೇಕಾದರೆ ಗರ್ಭಾಂಕುರ ನಡೆದಿರಬೇಕು. ಆದುದರಿಂದ ಬೇರೆ ಬೇರೆ ತಳಿಗಳ ಗಂಡು ಹೆಣ್ಣುಗಳನ್ನು ಒಟ್ಟಿಗೆ ಬಿಟ್ಟು, ಮುಂದಿನ ಪೀಳಿಗೆಯಲ್ಲಿ ಹೆಣ್ಣು ಇದೆಯೇ ಎಂದು ನೋಡಿದರೆ ಸಂಕರ ಫಲಿಸಿತೋ ಇಲ್ಲವೋ ತಿಳಿಯುತ್ತದೆ. ಭಾರತದಲ್ಲಿ ಆಗ ಆಸ್ಟ್ರೇಲಿಕಂ ಎಂದು ಕರೆಯುತ್ತಿದ್ದ ಕಡಜವನ್ನು ಇವನೆಸೆನ್ಸ್ ಮತ್ತು ಮಿನ್ಯೂಟಂಗಳೊಡನೆ ಹೀಗೆ ಪರೀಕ್ಷಿಸಿದ ಫಲಿತಾಂಶಗಳನ್ನು ಅವರು 1968ರಲ್ಲಿ ಪ್ರಕಟಿಸಿದರು. ಇವು ಒಂದರ ಬದಲು ಒಂದನ್ನು ಹೆಸರಿಸಬಹುದಾದ ಕಡಜಗಳಲ್ಲವೆಂಬುದಕ್ಕೆ ಇದರಿಂದ ಆಧಾರ ದೊರೆಯಿತು.

ಎರಡನೆಯದು ದೇಹಲಕ್ಷಣದ ಮಾರ್ಗ. ಸಂಕರ ಪರೀಕ್ಷೆಗೆ ಜೀವಂತ ಕಡಜಗಳು ಬೇಕು. ಸಂಗ್ರಹದಲ್ಲಿರುವ ಹಳೆಯ ಮಾದರಿಗಳ ಮೇಲೆ ಅದನ್ನು ನಡೆಸಲಾಗದು. ಬಣ್ಣದಂತೆ ಹವೆಗೆ ತಕ್ಕಂತೆ ಬದಲಾಗದ, ಸತ್ತ ಮಾದರಿಯಲ್ಲಿಯೂ ಉಳಿಯುವ ಲಕ್ಷಣವೊಂದು ಬೇಕಾಗಿತ್ತು. ಗಂಡಿನ ಜನನಾಂಗದ ರಚನೆಯಲ್ಲಿ ಅಂಥ ಲಕ್ಷಣ ದೊರೆಯುವುದೆಂಬುದನ್ನು 1971ರಲ್ಲಿ ‘ಬುಲೆಟಿನ್ ಆಫ್ ಎಂಟಮಾಲಾಜಿಕಲ್ ರಿಸರ್ಚ್’ ಪತ್ರಿಕೆಯ ಪ್ರಬಂಧದಲ್ಲಿ ಅವರು ಸ್ಥಾಪಿಸಿದರು. ಕಡಜವನ್ನು ಕ್ಷಾರದ್ರಾವಣದಲ್ಲಿಟ್ಟು ಪಾರದರ್ಶಕವಾಗಿಸಿ, ಗಾಜಿನ ಫಲಕದ ಮೇಲೆ ಅಣಿಮಾಡಿ, ಪ್ರಬಲವಾದ ಸೂಕ್ಷ್ಮದರ್ಶಕದಡಿಯಲ್ಲಿ ನೋಡಬೇಕು. ಜನನಾಂಗದ ಬುಡದಿಂದ ಬೆನ್ನಿನ ಕಡೆಗೆ ಚಾಚಿರುವ ಫಲಕದ ಆಕಾರ, ಹೊಟ್ಟೆಯ ಕಡೆಯ ನಡುಮುಳ್ಳಿನ ಉದ್ದ, ತುದಿಯ ಇಕ್ಕುಳದಂಥ ಅಂಗಗಳು ಎಲ್ಲಿಯವರೆಗೆ ತಲಪುತ್ತವೆ ಎಂಬುದು, ಇವು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗುತ್ತವೆ. ಕಿಲೋನಿಸ್ ಪ್ರಭೇದದಲ್ಲಿ ಆ ಬೆನ್ನಿನ ಫಲಕ ತ್ರಿಕೋನಾಕಾರವಾಗಿದ್ದು ಅದರ ಎರಡು ಪಕ್ಕಗಳ ಹಾಲೆಗಳು ಎದ್ದು ಕಾಣುತ್ತವೆ. ಜಪೋನಿಕಂನಲ್ಲಿ ಅದರ ರೂಪ ಬೇರೆ. ಅರ್ಧ ಮಿಲಿಮೀಟರಿನ ಜೀವಿಯ ದೇಹದಲ್ಲಿ ಇದೆಷ್ಟು ಚಿಕ್ಕ ಭಾಗವೆಂಬುದನ್ನು ಊಹಿಸಿಕೊಂಡರೆ ಈ ಕೆಲಸದ ತಾಳ್ಮೆ ಎಂಥದೆಂಬುದು ವಿದಿತವಾದೀತು.

ಈ ಲಕ್ಷಣವನ್ನು ಕೈಯಲ್ಲಿ ಹಿಡಿದು ನೋಡಿದಾಗ ಹಿಂದೆ ಯಾರೂ ಬೇರ್ಪಡಿಸದಿದ್ದ ಪ್ರಭೇದಗಳೂ ಹೊರಬಿದ್ದುವು. ಔಡಲದ ಎಲೆ ತಿನ್ನುವ ಅಕಿಯ ಪತಂಗದ ಮೊಟ್ಟೆಗಳಿಂದ ದೊರೆತುದಕ್ಕೆ ಇದೇ ವಿದ್ವಾಂಸರು ಟ್ರೈಕೋಗ್ರಾಮ ಅಕಿಯೆ ಎಂದು ಹೆಸರಿಟ್ಟರು. 2014ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಟೊಮೇಟೊ ಎಲೆಸುರಂಗ ಪತಂಗದ ಮೇಲೆ ಪ್ರಯೋಗಿಸಲು ಸೂಚಿಸಲಾದ ಕಡಜಗಳಲ್ಲಿ ಇದೂ ಒಂದು. ದಶಕಗಳ ಹಿಂದೆ ಸೂಕ್ಷ್ಮದರ್ಶಕದಡಿಯಲ್ಲಿ ಮಾಡಿದ ನಾಮಕರಣ ಅನಂತರ ಬಂದ ಹೊಸ ಪೀಡೆಗೆ ಉಪಯೋಗಕ್ಕೆ ಬಂದಿತು.

ಒಂದು ಜೀವಿ, ಐದು ಹೆಸರು

ಆದರೆ ಭಾರತದ ಸಾಮಾನ್ಯ ಪ್ರಭೇದದ ಹೆಸರು ಇನ್ನೂ ತೀರ್ಮಾನವಾಗಿರಲಿಲ್ಲ. 1971ರ ಪ್ರಬಂಧದಲ್ಲಿ ಅದನ್ನು ಆಸ್ಟ್ರೇಲಿಕಂ ಎಂಬ ಹೆಸರಿನಲ್ಲಿಯೇ ವರ್ಣಿಸಲಾಗಿತ್ತು. 1976ರಲ್ಲಿ ಇಟಲಿಯ ವಿಜ್ಜಾನಿ ಎಂಬ ತಜ್ಞನು, ಈ ವರ್ಣನೆಗೆ ಒಳಗಾದ ಕಡಜವು ಗಿರೋ 1912ರಲ್ಲಿ ಹೆಸರಿಸಿದ ಆಸ್ಟ್ರೇಲಿಕಂ ಅಲ್ಲವೆಂದು ತೋರಿಸಿ, ಅದಕ್ಕೆ ಕನ್‌ಫ್ಯೂಸಂ ಎಂಬ ಹೊಸ ಹೆಸರನ್ನು ಕೊಟ್ಟನು. ಗೊಂದಲಕ್ಕೆ ಒಳಗಾದುದು ಎಂದು ಆ ಹೆಸರಿನ ಅರ್ಥ. ಅದು ಅನ್ವರ್ಥವೂ ಆಗಿತ್ತು.

ಅಲ್ಲಿಗೂ ವಿಷಯ ಮುಗಿಯಲಿಲ್ಲ. 1941ರಲ್ಲಿಯೇ ಜಪಾನಿನ ಇಶಿಯಿ ಎಂಬ ವಿದ್ವಾಂಸನು ಕಿಲೋನಿಸ್ ಎಂಬ ಪ್ರಭೇದವನ್ನು ವರ್ಣಿಸಿದ್ದನು. ನಾಗರಕಟ್ಟಿ ಮತ್ತು ನಾಗರಾಜ ಅವರು 1979ರಲ್ಲಿ ಕಿಲೋನಿಸ್‌ನ ಸ್ಥಿತಿಯನ್ನು ವಿಚಾರಿಸಿ, ಕನ್‌ಫ್ಯೂಸಂ ಎಂಬುದು ಅದರಿಂದ ಬೇರೆಯಲ್ಲವೆಂದು ನಿರ್ಣಯಿಸಿದರು. ನಾಮಕರಣದ ನಿಯಮದಂತೆ ಮೊದಲಿನ ಹೆಸರಿಗೇ ಮನ್ನಣೆ. ಅಂದಿನಿಂದ ನಮ್ಮ ಕಡಜ ಟ್ರೈಕೋಗ್ರಾಮ ಕಿಲೋನಿಸ್ ಎಂದೇ ಪ್ರಸಿದ್ಧವಾಗಿದೆ. ಹೀಗೆ ಮಿನ್ಯೂಟಂ, ಇವನೆಸೆನ್ಸ್, ಆಸ್ಟ್ರೇಲಿಕಂ, ಕನ್‌ಫ್ಯೂಸಂ, ಕಿಲೋನಿಸ್ ಎಂಬ ಐದು ಹೆಸರುಗಳು ಭಾರತೀಯ ಬರಹಗಳಲ್ಲಿ ಸುಮಾರು ಅರ್ಧ ಶತಮಾನದ ಅವಧಿಯಲ್ಲಿ ಬಂದುಹೋದುವು.

ಈ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಇಲ್ಲಿ ಒಂದು ಹೋಲಿಕೆ ಹೊಳೆಯದಿರದು. ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬುದು ದೃಢಪಟ್ಟದ್ದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ ಬೆಳಕಿಗೆ ಬಂದಾಗ. ಕಲ್ಲು ಉಳಿದಿದ್ದುದರಿಂದ ಓದು ಸಾಧ್ಯವಾಯಿತು. ಕೀಟಶಾಸ್ತ್ರದಲ್ಲಿ ಆ ಕಲ್ಲಿನ ಸ್ಥಾನದಲ್ಲಿರುವುದು ಮೂಲಮಾದರಿ. ಗಾಜಿನ ಫಲಕದ ಮೇಲೆ ಸಂಗ್ರಹಾಲಯದಲ್ಲಿ ಕಾಪಾಡಿದ ಒಂದು ಕಡಜ. ವರ್ಣನೆ ಅಪೂರ್ಣವಾಗಿದ್ದರೂ ಮೂಲಮಾದರಿ ಉಳಿದಿದ್ದರೆ ಹೊಸ ಪ್ರಶ್ನೆಯೊಡನೆ ಅದನ್ನು ಮತ್ತೆ ನೋಡಬಹುದು. ಅದು ಇಲ್ಲವಾದರೆ ಹೆಸರು ಬರಿಯ ಸದ್ದು.

ಇದರಿಂದ ಹಳೆಯ ದಾಖಲೆಗಳನ್ನು ಓದುವ ಕ್ರಮದ ಮೇಲೂ ಬೆಳಕು ಬೀಳುತ್ತದೆ. 1930ರ ದಶಕದಲ್ಲಿ ಮಂಡ್ಯದ ಕಬ್ಬಿಗೆ ಬಿಟ್ಟದ್ದು ಕಿಲೋನಿಸ್ ಆಗಿದ್ದಿರಬೇಕೆಂದು ಊಹಿಸುವುದಕ್ಕೆ ಅವಕಾಶವಿದೆ. ಏಕೆಂದರೆ ಭಾರತದ ಕಬ್ಬಿನ ಕೊರಕಗಳ ಮೊಟ್ಟೆಯಲ್ಲಿ ವಿಶೇಷವಾಗಿ ದೊರೆಯುವುದು ಅದೇ. ಆದರೆ ಊಹೆ ಊಹೆಯೇ ಹೊರತು ನಿರ್ಣಯವಲ್ಲ. ಮಾದರಿಯನ್ನು ಕಂಡಲ್ಲದೆ ಹಳೆಯ ವರದಿಯ ಹೆಸರನ್ನು ತಿದ್ದಿ ಬರೆಯುವುದು ಅಶಾಸ್ತ್ರೀಯ. ಹಳೆಯ ಹೆಸರನ್ನೇ ನಂಬಿ ಅಂದು ಬಿಟ್ಟದ್ದು ಅಮೆರಿಕದ ಕಡಜವೆಂದು ಹೇಳುವುದು ಅದಕ್ಕಿಂತಲೂ ಅಶಾಸ್ತ್ರೀಯ.

ಲಕ್ಷಣದ ಮಿತಿ

ಗಂಡಿನ ಜನನಾಂಗದ ಲಕ್ಷಣಕ್ಕೂ ಒಂದು ಮಿತಿಯುಂಟು: ಗಂಡು ಇರಬೇಕು. ಟ್ರೈಕೋಗ್ರಾಮದ ಕೆಲವು ತಳಿಗಳಲ್ಲಿ ಹೆಣ್ಣುಗಳೇ ಹುಟ್ಟುತ್ತವೆ. ಇಂಥ ತಳಿಗಳಿಗೆ ಜೀವಾಣುನಾಶಕ ಔಷಧ ಉಣಿಸಿದಾಗ ಮತ್ತೆ ಗಂಡುಗಳು ಹುಟ್ಟತೊಡಗಿದುವೆಂದು ಸ್ಟೌಟ್‌ಹಾಮರ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ವರದಿ ಮಾಡಿದರು. ಕಡಜದ ಜೀವಕೋಶಗಳಲ್ಲಿ ವಾಸಿಸುವ ವೋಲ್‌ಬಾಕಿಯ ಎಂಬ ಸೂಕ್ಷ್ಮಾಣುವೇ ಇದಕ್ಕೆ ಕಾರಣವೆಂಬುದು ಮುಂದೆ ಸ್ಪಷ್ಟವಾಯಿತು. ಗಂಡಿಲ್ಲದ ತಳಿಯನ್ನು ಗುರುತಿಸಲು ಈಗ ವಂಶವಾಹಿ ವಸ್ತುವಾದ ಡಿಎನ್‌ಎಯ ಪರೀಕ್ಷೆಯನ್ನು ಆಶ್ರಯಿಸಬಹುದು.

ಡಿಎನ್‌ಎ ಪರೀಕ್ಷೆ ಬಂದ ಮೇಲೆ ದೇಹಲಕ್ಷಣದ ಪರೀಕ್ಷೆ ಅನಾವಶ್ಯಕವಾಯಿತೆಂದು ಕೆಲವರು ಹೇಳುವುದುಂಟು. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಪರೀಕ್ಷೆಯಿಂದ ದೊರೆತ ಅಕ್ಷರಮಾಲೆ ಇನ್ನೊಂದು ಅಕ್ಷರಮಾಲೆಗೆ ಹೋಲುತ್ತದೆಯೆಂದು ತಿಳಿಯಬಹುದು. ಆದರೆ ಆ ಇನ್ನೊಂದಕ್ಕೆ ಕಿಲೋನಿಸ್ ಎಂಬ ಹೆಸರು ಬಂದದ್ದು ಯಾರೋ ಅದರ ದೇಹವನ್ನು ನೋಡಿ ನಿರ್ಣಯಿಸಿದ್ದರಿಂದ. ಆ ಮೊದಲ ನಿರ್ಣಯ ತಪ್ಪಿದ್ದರೆ, ತಪ್ಪು ಹೆಸರು ಹೆಚ್ಚಿನ ಅಧಿಕಾರದೊಡನೆ ಹರಡುತ್ತದೆ. ಎರಡು ಮಾರ್ಗಗಳೂ ಒಂದನ್ನೊಂದು ತಿದ್ದುತ್ತ ಸಾಗಬೇಕಾದುವು.

ಉಪಸಂಹಾರ

ಈ ಚರಿತ್ರೆಯಿಂದ ಶ್ರೀರಾಮನಗರದ ಗದ್ದೆಗೆ ಏನು ಪ್ರಯೋಜನವೆಂದು ಕೇಳಬಹುದು. ಅಕ್ಕಿ ಪತಂಗದ ಮೊಟ್ಟೆಗಳನ್ನು ಅಂಟಿಸಿ, ಅವುಗಳಲ್ಲಿ ಕಡಜವನ್ನು ಬೆಳೆಸಿದ ಕಾಗದದ ತುಂಡುಗಳು ‘ಟ್ರೈಕೋ ಕಾರ್ಡು’ ಎಂಬ ಹೆಸರಿನಿಂದ ರೈತರ ಕೈ ಸೇರುತ್ತವೆ. ಕಾಂಡಕೊರಕಕ್ಕೆ ಹೆಕ್ಟೇರಿಗೆ ಒಂದು ಸಲಕ್ಕೆ 1,00,000 ಜಪೋನಿಕಂ ಕಡಜಗಳಂತೆ, ಹಲವು ಕಂತುಗಳಲ್ಲಿ ಬಿಡಬೇಕೆಂಬುದು ಸಾಮಾನ್ಯ ಶಿಫಾರಸು. ಕಡಜ ಸೇರಿದ ಮೊಟ್ಟೆ ಕೆಲವು ದಿನಗಳಲ್ಲಿ ಕಪ್ಪಾಗುತ್ತದೆ. ಕಾರ್ಡು ಕಪ್ಪಾಗಿದ್ದರೆ ಚೆನ್ನಾಗಿದೆಯೆಂದು ಕೊಳ್ಳುವವರು ತಿಳಿಯುತ್ತಾರೆ. ಆದರೆ ಜಪೋನಿಕಂ ಇದ್ದರೂ ಮೊಟ್ಟೆ ಕಪ್ಪಾಗುತ್ತದೆ, ಕಿಲೋನಿಸ್ ಇದ್ದರೂ ಕಪ್ಪಾಗುತ್ತದೆ. ಕಪ್ಪು ಬಣ್ಣ ಕಡಜವಿದೆಯೆಂದು ಹೇಳುತ್ತದೆಯೇ ಹೊರತು ಯಾವ ಕಡಜವೆಂದು ಹೇಳುವುದಿಲ್ಲ.

ಎರಡೂ ಪ್ರಭೇದಗಳನ್ನು ಒಂದೇ ಬಗೆಯ ಮೊಟ್ಟೆಗಳ ಮೇಲೆ ಸಾಕುವ ಕಡೆಗಳಲ್ಲಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಕೆಲವು ಕಡಜಗಳು ಸೇರಿಕೊಂಡರೆ ಹೊರಗಿನ ಚೀಟಿ ಬದಲಾಗದೆ ಒಳಗಿನ ಜೀವಿ ಬದಲಾಗಬಹುದು. ಆಗ ರೈತನು ಹಣ ತೆತ್ತು, ಸಿಂಪರಣೆಯನ್ನು ನಿಲ್ಲಿಸಿ, ವಾರಗಟ್ಟಲೆ ಕಾದು, ಕೊನೆಗೆ ಬಿಳಿತೆನೆಯನ್ನೇ ಕಂಡರೆ ಕಡಜದಿಂದ ಹುಳು ಸಾಯುವುದಿಲ್ಲವೆಂಬ ತೀರ್ಮಾನಕ್ಕೆ ಬರುತ್ತಾನೆ. ಅವನ ಅನುಭವ ಸುಳ್ಳಲ್ಲ. ಆದರೆ ಆ ಅನುಭವ ಯಾವ ಕಡಜಕ್ಕೆ ಸಂಬಂಧಿಸಿದ್ದೆಂಬುದು ಯಾರಿಗೂ ತಿಳಿದಿರುವುದಿಲ್ಲ. ಒಮ್ಮೆ ಕಳೆದುಹೋದ ಈ ನಂಬಿಕೆಯನ್ನು ಮರಳಿ ಗಳಿಸುವುದು ಹೊಸ ಕಡಜವನ್ನು ಹುಡುಕುವುದಕ್ಕಿಂತ ಕಷ್ಟ.

ಇದಕ್ಕೆ ಪರಿಹಾರ ದುಬಾರಿಯಾದುದಲ್ಲ. ಕಡಜವನ್ನು ಸಾಕುವ ಕಡೆಗಳಲ್ಲಿ ನಿಯತಕಾಲಕ್ಕೊಮ್ಮೆ ಕೆಲವು ಗಂಡುಗಳನ್ನು ಫಲಕದ ಮೇಲೆ ಅಣಿಮಾಡಿ ಪರೀಕ್ಷಿಸಬೇಕು. ಗದ್ದೆಗೆ ಬಿಟ್ಟ ಪ್ರತಿಯೊಂದು ತಂಡದಿಂದ ಒಂದಿಷ್ಟನ್ನು ಸ್ಥಳ, ದಿನಾಂಕ, ಆಶ್ರಯಕೀಟ ಇವುಗಳನ್ನು ಬರೆದ ಚೀಟಿಯೊಡನೆ ಮದ್ಯಸಾರದಲ್ಲಿ ಕಾಪಾಡಬೇಕು. ಗದ್ದೆಯಿಂದ ಮೊಟ್ಟೆಗುಂಪುಗಳನ್ನು ಆಯ್ದು ತಂದು, ಹೊರಬಂದ ಕಡಜಗಳ ಪಾದದ ಗೆಣ್ಣುಗಳನ್ನಾದರೂ ಎಣಿಸಿ ಬರೆದಿಡಬೇಕು. 1993ರಲ್ಲಿ ಬೆಂಗಳೂರಿನಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವಾಗಿ ರೂಪುಗೊಂಡು ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎನಿಸಿರುವ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗೆ ಬೇಕಾದ ಪರಿಣತಿ ಇದೆ. ಜಿಲ್ಲಾಮಟ್ಟದಲ್ಲಿ ಅದನ್ನು ಬಳಸಿಕೊಳ್ಳುವ ಅಭ್ಯಾಸ ಬೆಳೆಯಬೇಕಾಗಿದೆ.

ಮಂಡ್ಯದ ಮೊದಲ ಪ್ರಯೋಗಗಳ ಕಡಜ ಯಾವುದೆಂಬುದನ್ನು ಇಂದು ನಾವು ಊಹಿಸಬೇಕಾಗಿದೆ. ಗಂಗಾವತಿಯ ಗದ್ದೆಗಳಿಗೆ ಇಂದು ಬಿಡುತ್ತಿರುವ ಕಡಜದ ವಿಷಯದಲ್ಲಿ ಮುಂದಿನವರಿಗೆ ಆ ಪರಿಸ್ಥಿತಿ ಬಾರದಂತೆ ನೋಡಿಕೊಳ್ಳುವುದು ಸಾಧ್ಯವಿದೆ. ಒಂದು ಗಾಜಿನ ಫಲಕ, ಒಂದು ಚೀಟಿ, ಅದರ ಮೇಲೆ ಸ್ಪಷ್ಟವಾದ ಬರಹ, ಇವಿಷ್ಟಿದ್ದರೆ ಸಾಕು.